ಬಂತು, ಬಂದಿರಬೇಕು, ಬಂತಂತೆ

(ಪದವಿ ಕಾಲೇಜೊಂದರ ಇತಿಹಾಸ ಸಂಘದ ಉದ್ಘಾಟನಾ ಸಮಾರಂಭದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಇತಿಹಾಸ ಸಂಘದ ಉದ್ಘಾಟನೆಗೆ ವಿದ್ವಾಂಸರನ್ನು ಕರೆಯುವುದು ವಾಡಿಕೆ. ಈ ಸಲ ತಾವು ಪತ್ರಿಕೆಯ ವರದಿಗಾರನೊಬ್ಬನನ್ನು ಕರೆದಿದ್ದೀರಿ. ನಾನು ಇತಿಹಾಸವನ್ನು ಶಾಸ್ತ್ರೀಯವಾಗಿ ಓದಿದವನಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮುಗಿಸಿ ನೇರವಾಗಿ ಸುದ್ದಿಯ ಬೆನ್ನು ಹತ್ತಿದವನು. ಆದರೂ ಒಪ್ಪಿಕೊಂಡು ಬಂದಿದ್ದೇನೆ. ಏಕೆಂದರೆ ಇತಿಹಾಸಕಾರರಿಗೂ ವರದಿಗಾರರಿಗೂ ಒಂದು ಕಷ್ಟ ಸಮಾನವಾಗಿದೆ. ಇಬ್ಬರೂ ತಾವು ಕಣ್ಣಾರೆ ಕಾಣದ ಸಂಗತಿಗಳ ಬಗ್ಗೆಯೇ ಹೆಚ್ಚಾಗಿ ಬರೆಯಬೇಕಾಗುತ್ತದೆ. ಇತಿಹಾಸಕಾರ ಎರಡು ಸಾವಿರ ವರ್ಷ ತಡವಾಗಿ ಬರುತ್ತಾನೆ, ವರದಿಗಾರ ಎರಡು ಗಂಟೆ ತಡವಾಗಿ ಬರುತ್ತಾನೆ. ತಡವಾದದ್ದಂತೂ ಇಬ್ಬರಿಗೂ ನಿಜ.

ಆದ್ದರಿಂದ ಈ ದಿನ ಒಂದೇ ಒಂದು ಪ್ರಶ್ನೆಯನ್ನು ತಮ್ಮ ಮುಂದೆ ಇಡುತ್ತೇನೆ. 'ಗೊತ್ತು' ಎಂದು ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವಲ್ಲ, ಅದು ನಮಗೆ ಹೇಗೆ ಗೊತ್ತು?

ಕನ್ನಡದ ಮೂರು ವಾಕ್ಯಗಳು

ಇದು ದೊಡ್ಡ ತತ್ವಶಾಸ್ತ್ರದ ಪ್ರಶ್ನೆ ಎಂದು ಹೆದರಬೇಕಾಗಿಲ್ಲ. ಇದರ ಉತ್ತರ ಅರ್ಧದಷ್ಟು ನಮ್ಮ ಮಾತಿನಲ್ಲೇ ಇದೆ. ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾಗ ಹನಿ ಬಿದ್ದರೆ 'ಮಳೆ ಬಂತು' ಎನ್ನುತ್ತೇವೆ. ಬೆಳಿಗ್ಗೆ ಎದ್ದು ಬಾಗಿಲು ತೆರೆದಾಗ ಅಂಗಳ ಒದ್ದೆಯಾಗಿದ್ದು, ಗುಂಡಿಗಳಲ್ಲಿ ನೀರು ನಿಂತಿದ್ದರೆ 'ರಾತ್ರಿ ಮಳೆ ಬಂದಿರಬೇಕು' ಎನ್ನುತ್ತೇವೆ. ಪಕ್ಕದ ಊರಿನಿಂದ ಬಂದ ನೆಂಟರು ಹೇಳಿದ್ದನ್ನು ಮತ್ತೊಬ್ಬರಿಗೆ ತಿಳಿಸುವಾಗ 'ಅಲ್ಲಿ ಮಳೆ ಬಂತಂತೆ' ಎನ್ನುತ್ತೇವೆ.

ಮಳೆ ಒಂದೇ, ವಾಕ್ಯಗಳು ಮೂರು. ಮೊದಲನೆಯದನ್ನು ಆಡಿದವರು ಸ್ವತಃ ಕಂಡಿದ್ದಾರೆ. ಎರಡನೆಯದನ್ನು ಆಡಿದವರು ಗುರುತು ನೋಡಿ ಊಹಿಸಿದ್ದಾರೆ. ಮೂರನೆಯದನ್ನು ಆಡಿದವರು ಇನ್ನೊಬ್ಬರ ಬಾಯಿಂದ ಕೇಳಿದ್ದಾರೆ. ಸಂಗತಿ ಏನು ಎಂಬುದರ ಜೊತೆಗೆ ಅದು ತನಗೆ ಹೇಗೆ ತಿಳಿಯಿತು ಎಂಬುದನ್ನೂ ಕನ್ನಡಿಗ ಒಂದು ಪ್ರತ್ಯಯದಲ್ಲಿ ಹೇಳಿಬಿಡುತ್ತಾನೆ. ಇದನ್ನು ನಮಗೆ ಯಾವ ಶಾಲೆಯೂ ಕಲಿಸಿಲ್ಲ. ಅವ್ವನ ಮಡಿಲಲ್ಲೇ ಕಲಿತು ಬಂದಿದ್ದೇವೆ.

ಭಾರತದ ದಾರ್ಶನಿಕರು ಈ ಮೂರನ್ನೇ ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಕರೆದರು. ನಿಜವಾದ ತಿಳಿವಳಿಕೆಯನ್ನು ತಂದುಕೊಡುವ ಸಾಧನಕ್ಕೆ 'ಪ್ರಮಾಣ' ಎಂದು ಹೆಸರು. ಪ್ರಮಾಣಗಳು ಎಷ್ಟು ಎಂಬುದರ ಬಗ್ಗೆ ಶತಮಾನಗಳ ಕಾಲ ವಾದ ನಡೆಯಿತು. ಚಾರ್ವಾಕರು ಪ್ರತ್ಯಕ್ಷ ಒಂದೇ ಸಾಕು ಎಂದರು. ಬೌದ್ಧ ತಾರ್ಕಿಕ ದಿಙ್ನಾಗ ಪ್ರತ್ಯಕ್ಷ ಮತ್ತು ಅನುಮಾನ ಎರಡನ್ನು ಒಪ್ಪಿದ. ನ್ಯಾಯ ದರ್ಶನದವರು ಇವುಗಳಿಗೆ ಉಪಮಾನ ಮತ್ತು ಶಬ್ದ ಸೇರಿಸಿ ನಾಲ್ಕು ಎಂದರು. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರಕ್ಕೆ ನಿಲ್ಲಿಸಿದರು. ಕುಮಾರಿಲ ಭಟ್ಟನ ಮೀಮಾಂಸಕರು ಮತ್ತು ಅದ್ವೈತಿಗಳು ಆರರವರೆಗೆ ಹೋದರು.

ಇಲ್ಲಿ ಒಂದು ಸ್ವಾರಸ್ಯ ಗಮನಿಸಿ. 'ಅನುಮಾನ' ಎಂದರೆ ಶಾಸ್ತ್ರದಲ್ಲಿ ಹೊಗೆ ನೋಡಿ ಬೆಂಕಿ ಇದೆ ಎಂದು ತಿಳಿಯುವ ಕ್ರಮ, ಜ್ಞಾನದ ಒಂದು ದಾರಿ. ಅದೇ ಪದಕ್ಕೆ ಇಂದಿನ ಕನ್ನಡದಲ್ಲಿ ಸಂಶಯ ಎಂದು ಅರ್ಥ. 'ನನಗೆ ಅವನ ಮೇಲೆ ಅನುಮಾನ' ಎನ್ನುತ್ತೇವೆ. ಊಹೆಯಿಂದ ತಿಳಿದದ್ದನ್ನು ಸ್ವಲ್ಪ ಸಂಶಯದಿಂದಲೇ ಇಟ್ಟುಕೊಳ್ಳಬೇಕು ಎಂದು ನಮ್ಮ ಜನ ಕಂಡುಕೊಂಡರೋ ಏನೋ!

ಈ ಮೂರು ದಾರಿಗಳು ನಿಜವಾಗಿ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ನೋಡಲು ತಾವೆಲ್ಲ ಪಠ್ಯಪುಸ್ತಕದಲ್ಲಿ ಓದಿರುವ ಒಂದು ಹೆಸರನ್ನೇ ತೆಗೆದುಕೊಳ್ಳೋಣ. ಅಶೋಕ. ದೇಶದ ಮೂಲೆಮೂಲೆಗಳ ಬಂಡೆ, ಕಂಬಗಳ ಮೇಲೆ ಶಾಸನ ಬರೆಸಿದವನು ಅಶೋಕ ಎಂದು ನಮಗೆಲ್ಲ ಗೊತ್ತು. ಹೇಗೆ ಗೊತ್ತು?

ಓದಲಾರದ ಕಂಬ

14ನೇ ಶತಮಾನದಲ್ಲಿ ದೆಹಲಿಯ ಸುಲ್ತಾನ ಫಿರೋಜ್ ಷಾ ತುಘಲಕ್ ಎರಡು ದೊಡ್ಡ ಕಲ್ಲಿನ ಕಂಬಗಳನ್ನು ತೋಪ್ರಾ ಮತ್ತು ಮೀರತ್‌ಗಳಿಂದ ದೆಹಲಿಗೆ ಸಾಗಿಸಿ ನಿಲ್ಲಿಸಿದ. ಅವು ಭೀಮಸೇನನ ಊರುಗೋಲುಗಳು ಎಂದು ಜನ ನಂಬಿದ್ದರೆಂದು ಆ ಕಾಲದ ಚರಿತ್ರೆಕಾರ ಷಮ್ಸ್ ಸಿರಾಜ್ ಅಫೀಫ್ ಬರೆದಿದ್ದಾನೆ. ಕಂಬದ ಮೇಲಿನ ಅಕ್ಷರಗಳನ್ನು ಓದಲು ಪಂಡಿತರನ್ನು ಕರೆಸಿದರೂ ಯಾರಿಂದಲೂ ಆಗಲಿಲ್ಲ. ಆದರೆ ಕೆಲವರು ಮಾತ್ರ 'ಫಿರೋಜ್ ಎಂಬ ದೊರೆ ಬರುವ ತನಕ ಈ ಕಂಬವನ್ನು ಯಾರೂ ಕದಲಿಸಲಾರರು' ಎಂದು ಬರೆದಿದೆ ಎಂದು ಹೇಳಿದರಂತೆ. ಅಂದರೆ ಓದಲು ಬಾರದಿದ್ದರೂ ಅರ್ಥ ಹೇಳುವವರಿಗೆ ಆಗಲೂ ಬರವಿರಲಿಲ್ಲ. ದೊರೆಗೆ ಹಿತವಾದದ್ದನ್ನು ಕಲ್ಲಿನ ಬಾಯಲ್ಲಿ ಹಾಕಿದರು. ಅಫೀಫನ ಮಾತನ್ನು ತಮಗೆ ದಾಟಿಸುವಾಗ ನಾನು 'ಅಂತೆ' ಬಳಸಿದ್ದನ್ನೂ ಗಮನಿಸಿ.

ಆ ಲಿಪಿ ಬ್ರಾಹ್ಮಿ. ಇಂದಿನ ಕನ್ನಡ ಲಿಪಿಗೂ ಅದೇ ಮೂಲ. ಮಗುವಿಗೆ ಅಜ್ಜನ ಕೈಬರಹ ತಿಳಿಯದಂತೆ, ಆ ಲಿಪಿಯ ವಂಶದವರಾದ ನಮಗೇ ಅದು ತಿಳಿಯದೆ ಹೋಗಿತ್ತು.

ಅದನ್ನು 1837ರಲ್ಲಿ ಪೂರ್ಣವಾಗಿ ಓದಿದವನು ಜೇಮ್ಸ್ ಪ್ರಿನ್ಸೆಪ್. ಈತ ಕಲ್ಕತ್ತದ ಟಂಕಸಾಲೆಯಲ್ಲಿ ಲೋಹ ಪರೀಕ್ಷಕ, ಏಷಿಯಾಟಿಕ್ ಸೊಸೈಟಿಯ ಕಾರ್ಯದರ್ಶಿ. ಸಾಂಚಿಯ ಸ್ತೂಪದ ಸುತ್ತಲಿನ ಕಲ್ಲಿನ ಬೇಲಿಯ ಮೇಲೆ ಚಿಕ್ಕ ಚಿಕ್ಕ ಬರಹಗಳಿದ್ದವು. ಅವುಗಳ ಪ್ರತಿಗಳು ಕೈಗೆ ಬಂದಾಗ ಹೆಚ್ಚಿನವು ಒಂದೇ ಬಗೆಯ ಅಕ್ಷರಗಳಿಂದ ಮುಗಿಯುವುದು ಆತನ ಕಣ್ಣಿಗೆ ಬಿತ್ತು. ಜನ ದೇವಸ್ಥಾನಗಳಲ್ಲಿ ಬಿಡಿಬಿಡಿಯಾಗಿ, ಚಿಕ್ಕದಾಗಿ ಏನನ್ನು ಬರೆಸುತ್ತಾರೆ? ನಮ್ಮೂರ ಗುಡಿಗೆ ಹೋದರೆ ಫ್ಯಾನಿನ ರೆಕ್ಕೆಯ ಮೇಲೆ, ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ, ಗೋಡೆಯ ಕಲ್ಲಿನ ಮೇಲೆ ಕಾಣುವುದು ದಾನಿಗಳ ಹೆಸರು ತಾನೆ! ಅದು 'ದಾನಂ' ಎಂಬ ಶಬ್ದವೇ ಇರಬೇಕು, ಅದಕ್ಕಿಂತ ಮುಂಚೆ ಬರುವ ಅಕ್ಷರ ಷಷ್ಠೀ ವಿಭಕ್ತಿಯ 'ಸ' ಇರಬೇಕು, ಅಂದರೆ 'ಇಂಥವರ ದಾನ' ಎಂದಿರಬೇಕು ಎಂದು ಪ್ರಿನ್ಸೆಪ್ ಊಹಿಸಿದ. ಈ ಕೆಲವು ಅಕ್ಷರಗಳ ಕೀಲಿಯಿಂದ ಉಳಿದವು ಬಿಚ್ಚಿಕೊಂಡವು. ಸಾಂಚಿಯಲ್ಲಿ ಹಿಡಿದ ಅಕ್ಷರಗಳನ್ನು ದೆಹಲಿಯ ಕಂಬಕ್ಕೆ ಹಚ್ಚಿ ಓದಿದಾಗ ಅಲ್ಲಿಯೂ ಅರ್ಥವುಳ್ಳ ವಾಕ್ಯಗಳು ಬಂದವು. ಇದು ಅನುಮಾನ ಪ್ರಮಾಣದ ಗೆಲುವು. ಊಹೆ ಮಾಡಿದ ಜಾಗದಲ್ಲಲ್ಲದೆ ಬೇರೆ ಜಾಗದಲ್ಲಿಯೂ ಅದು ನಿಂತಿತು ಎಂಬುದೇ ಅದರ ಬಲ.

ಆದರೆ ಕಂಬ ಓದಿದ ಮೇಲೆ ಹೊಸ ತೊಡಕು ಎದುರಾಯಿತು. ಅದರಲ್ಲಿ ಮಾತಾಡುವ ದೊರೆ ತನ್ನನ್ನು 'ದೇವಾನಂಪಿಯ ಪಿಯದಸಿ' ಎಂದು ಕರೆದುಕೊಳ್ಳುತ್ತಾನೆ. ದೇವರುಗಳಿಗೆ ಪ್ರಿಯನಾದವನು, ಪ್ರಿಯವಾಗಿ ನೋಡುವವನು ಎಂದು ಅರ್ಥ. ಈ ಹೆಸರಿನ ದೊರೆ ಯಾವ ವಂಶಾವಳಿಯಲ್ಲಿಯೂ ಕಾಣಲಿಲ್ಲ. ಸಿಂಹಳದಲ್ಲಿ ದೇವಾನಂಪಿಯ ತಿಸ್ಸ ಎಂಬ ಬೌದ್ಧ ದೊರೆ ಇದ್ದದ್ದು ತಿಳಿದಿತ್ತು. ಆದ್ದರಿಂದ ಈತ ಆತನೇ ಎಂದು ಪ್ರಿನ್ಸೆಪ್ ಮೊದಲು ಭಾವಿಸಿದ. ಲಿಪಿಯನ್ನು ಸರಿಯಾಗಿ ಊಹಿಸಿದ ಅದೇ ತಲೆ ವ್ಯಕ್ತಿಯನ್ನು ತಪ್ಪಾಗಿ ಊಹಿಸಿತು.

ತಪ್ಪು ಎಲ್ಲಾಯಿತು? ನ್ಯಾಯಶಾಸ್ತ್ರದಲ್ಲಿ ಇದಕ್ಕೆ 'ಸವ್ಯಭಿಚಾರ' ಎಂಬ ಹೆಸರಿದೆ. ನಾವು ಕೊಡುವ ಕಾರಣ ಒಂದೇ ಮನೆಗೆ ನಿಷ್ಠವಾಗಿರದೆ ಬೇರೆ ಮನೆಗಳಲ್ಲಿಯೂ ಕಾಣಿಸಿಕೊಂಡರೆ ಆ ಕಾರಣ ದುಷ್ಟ ಕಾರಣ. 'ದೇವಾನಂಪಿಯ' ಒಬ್ಬನ ಹೆಸರಲ್ಲ, ಹಲವು ದೊರೆಗಳು ಧರಿಸಿದ ಬಿರುದು. ಹಸಿರು ಶಲ್ಯ ಹೊದ್ದವನೇ ನಮ್ಮ ಮಾವ ಎಂದು ಸಂತೆಯಲ್ಲಿ ಯಾರನ್ನೋ ಹಿಡಿದು ನಿಲ್ಲಿಸಿದ ಹಾಗೆ!

ಸಿಂಹಳದಿಂದ ಬಂದ ಸಾಕ್ಷಿ

ಈ ತಪ್ಪನ್ನು ತಿದ್ದಿದ್ದು ಶಬ್ದ ಪ್ರಮಾಣ. ಸಿಂಹಳದ ನಾಗರಿಕ ಸೇವೆಯಲ್ಲಿದ್ದ ಜಾರ್ಜ್ ಟರ್ನರ್ ಎಂಬ ಅಧಿಕಾರಿ ಅಲ್ಲಿನ ಪಾಳಿ ಗ್ರಂಥಗಳನ್ನು ಓದುತ್ತಿದ್ದ. 'ದೀಪವಂಸ' ಎಂಬ ಗ್ರಂಥದಲ್ಲಿ ಚಂದ್ರಗುಪ್ತನ ಮೊಮ್ಮಗನೂ ಬಿಂದುಸಾರನ ಮಗನೂ ಆದ ಅಶೋಕನಿಗೆ ಪಿಯದಸ್ಸಿ ಎಂಬ ಹೆಸರೂ ಇತ್ತು ಎಂಬುದನ್ನು ಕಂಡು ಕಲ್ಕತ್ತಕ್ಕೆ ತಿಳಿಸಿದ. ಪ್ರಿನ್ಸೆಪ್ ತನ್ನ ಮೊದಲಿನ ಅಭಿಪ್ರಾಯವನ್ನು ಅದೇ 1837ರಲ್ಲಿ ಬಿಟ್ಟುಕೊಟ್ಟ. ಮುಂದೆ ಬಂಡೆ ಶಾಸನಗಳಲ್ಲಿ ಅಂತಿಯೋಕ, ತುರಮಾಯ ಮುಂತಾದ ಯವನ ಅರಸರ ಹೆಸರುಗಳು ಸಿಕ್ಕವು. ಅವರು ಸಿರಿಯಾ, ಈಜಿಪ್ಟ್ ಮೊದಲಾದ ದೇಶಗಳನ್ನು ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಆಳಿದವರು. ಅಶೋಕನ ಕಾಲಕ್ಕೆ ಅದು ತಾಳೆಯಾಯಿತು. ಪ್ರಿನ್ಸೆಪ್ 1840ರಲ್ಲಿ, 40ನೇ ವಯಸ್ಸಿನಲ್ಲಿ ತೀರಿಕೊಂಡ.

ಇಲ್ಲಿಗೆ ಎಲ್ಲವೂ ಮುಗಿಯಿತೇ? ಇಲ್ಲ. ಗ್ರಂಥ ಹೇಳಿದ ಮಾತು ಸರಿ ಎಂದು ಬಹುತೇಕ ಎಲ್ಲರೂ ಒಪ್ಪಿದರೂ, ಕಲ್ಲು ಮಾತ್ರ ಅಶೋಕ ಎಂದು ಹೇಳಿರಲಿಲ್ಲ. 1892ರಲ್ಲಿ ಬಿ.ಎಲ್. ರೈಸ್ ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ಬಳಿ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಶಾಸನಗಳನ್ನು ಪತ್ತೆ ಮಾಡಿದರು. ಅವನ್ನು ಬರೆದ ಲಿಪಿಕಾರನ ಹೆಸರು ಚಪಡ ಎಂಬುದು ಕೂಡ ಅಲ್ಲಿದೆ. ಬರೆಸಿದವನ ಹೆಸರು ಮಾತ್ರ ಮತ್ತೆ 'ದೇವಾನಂಪಿಯ' ಎಂದಷ್ಟೇ. ಕೂಲಿಗೆ ಬರೆದವನ ಹೆಸರು ಸ್ಪಷ್ಟ, ಚಕ್ರವರ್ತಿಯ ಹೆಸರು ಅಸ್ಪಷ್ಟ!

ಕೊನೆಗೆ 1915ರಲ್ಲಿ, ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ಗಣಿಗಳ ಕೆಲಸದಲ್ಲಿದ್ದ ಸಿ. ಬೀಡನ್ ಎಂಬ ಇಂಜಿನಿಯರ್ ಕಣ್ಣಿಗೆ ಬೆಟ್ಟದ ಬಂಡೆಯೊಂದರ ಮೇಲಿನ ಬರಹ ಬಿತ್ತು. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದರ ಆರಂಭದಲ್ಲಿಯೇ ಇತ್ತು: 'ದೇವಾನಂಪಿಯಸ ಅಸೋಕಸ'. ಟರ್ನರ್ ಹೇಳಿಕೆಗೂ ಮಸ್ಕಿಯ ಬಂಡೆಗೂ ನಡುವೆ 78 ವರ್ಷ ಕಳೆದಿದ್ದವು. 1950ರ ದಶಕದಲ್ಲಿ ಮಧ್ಯಪ್ರದೇಶದ ದತಿಯಾ ಜಿಲ್ಲೆಯ ಗುಜರ್ರಾದಲ್ಲಿ ದೇವಾನಂಪಿಯ, ಪಿಯದಸಿ, ಅಶೋಕ ಮೂರೂ ಒಟ್ಟಿಗೆ ಇರುವ ಶಾಸನ ಸಿಕ್ಕಿತು. 1970ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ನಿಟ್ಟೂರಿನಲ್ಲಿ ಸಿಕ್ಕ ಶಾಸನದಲ್ಲಿಯೂ ಅಶೋಕನ ಹೆಸರಿದೆ.

ಮಿತ್ರರೇ, ಈ ಕಥೆಯಲ್ಲಿ ನಾವು ಹಿಡಿದುಕೊಳ್ಳಬೇಕಾದ ಎಳೆ ಒಂದಿದೆ. ಸಿಂಹಳದ ಭಿಕ್ಷುಗಳು ದೀಪವಂಸವನ್ನು ಬರೆದದ್ದು ಸುಮಾರು 4ನೇ ಶತಮಾನದಲ್ಲಿ. ಅವರು ಮಸ್ಕಿಯ ಬಂಡೆ ನೋಡಿಕೊಂಡು ಬರೆದವರಲ್ಲ. ಮಸ್ಕಿಯ ಬಂಡೆ ಕೆತ್ತಿದವನಿಗೆ ಮುಂದೆ ದೀಪವಂಸ ಬರುತ್ತದೆಂದು ಗೊತ್ತಿರಲಿಲ್ಲ. ಯವನ ಅರಸರ ಕಾಲವನ್ನು ಲೆಕ್ಕ ಹಾಕಿದವರಿಗೆ ಇವೆರಡರ ಗೊಡವೆಯೂ ಇರಲಿಲ್ಲ. ಮೂರು ಸಾಕ್ಷಿಗಳು ಪರಸ್ಪರ ಮಾತಾಡಿಕೊಳ್ಳದೆ, ಮೂರು ಬೇರೆ ದಾರಿಗಳಿಂದ ಬಂದು ಒಂದೇ ಕಡೆ ಕೂಡಿದವು. ನಮಗೆ ಗೊತ್ತು ಎಂದು ಧೈರ್ಯವಾಗಿ ಹೇಳಲು ಆಧಾರ ಅದು. ಎಷ್ಟು ಜನ ಹೇಳಿದರು ಎಂಬುದು ಮುಖ್ಯವಲ್ಲ. ಅವರು ಬೇರೆ ಬೇರೆಯಾಗಿ ತಿಳಿದು ಹೇಳಿದರೇ ಎಂಬುದು ಮುಖ್ಯ.

ಮೂರು ಬಾಯಿ, ಒಂದು ಮಾತು

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ತಪ್ಪು ಮಾಡಿ ಕಲಿತದ್ದು. ಆ ತಪ್ಪನ್ನು ತಮ್ಮ ಮುಂದೆ ಹೇಳಿಕೊಳ್ಳಬೇಕು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಒಂದು ಹಳ್ಳಿಯಲ್ಲಿ ಕೆರೆಯ ನೀರು ಕುಡಿದು ಎಂಟು ದನ ಸತ್ತಿವೆ ಎಂಬ ಸುದ್ದಿ ಸಂಜೆಯ ಹೊತ್ತಿಗೆ ಬಂತು. ಒಬ್ಬರ ಮಾತು ನಂಬಬಾರದು ಎಂದು ನಮಗೆ ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಆದ್ದರಿಂದ ಮೂವರನ್ನು ವಿಚಾರಿಸಿದೆ. ಆ ದಾರಿಯ ಬಸ್ಸಿನ ಕಂಡಕ್ಟರ್, ಕ್ರಾಸಿನ ಚಹಾದ ಹೋಟೆಲಿನವರು, ಪಂಚಾಯಿತಿಯ ಒಬ್ಬ ಸದಸ್ಯರು. ಮೂವರೂ ಎಂಟು ದನ ಎಂದರು, ಮೂವರೂ ಕೆರೆಯ ನೀರು ಎಂದರು. ಪುಟ ಮುಗಿಸುವ ವೇಳೆಯಾಗಿತ್ತು. ಊರಿಗೆ ಹೋಗಲಿಲ್ಲ, ಬರೆದು ಕೊಟ್ಟೆ. 'ಕೆರೆ ನೀರು ವಿಷ: ಎಂಟು ದನ ಬಲಿ' ಎಂಬ ಶೀರ್ಷಿಕೆಯಲ್ಲಿ ಮರುದಿನ ಅಚ್ಚಾಯಿತು.

ಮರುದಿನವೇ ಪೇಟೆಯ ಹೋಟೆಲುಗಳವರು ಆ ಊರಿನ ಹಾಲು ಬೇಡ ಎಂದರು. ಕ್ಯಾನು ಹೊತ್ತು ಬಂದವರು ವಾಪಸ್ಸು ಹೋದರು. ಎರಡು ದಿನದ ಮೇಲೆ ನಾನು ಆ ಊರಿಗೆ ಹೋದಾಗ ಸತ್ಯ ತಿಳಿಯಿತು. ಸತ್ತದ್ದು ಎರಡು ದನ, ಎರಡೂ ಒಂದೇ ಮನೆಯವು. ಕೊಯ್ದ ಹೊಲದಲ್ಲಿ ಮತ್ತೆ ಚಿಗುರಿದ್ದ ಎಳೆ ಜೋಳದ ಬೆಳೆಗೆ ನುಗ್ಗಿ ಮೇಯ್ದಿದ್ದವು. ಎಳೆ ಜೋಳದ ಚಿಗುರಿನಲ್ಲಿ ವಿಷದ ಅಂಶವಿರುತ್ತದೆ ಎಂಬುದು ಪಶುವೈದ್ಯರಿಗೂ ಗೊತ್ತು, ಜೋಳ ಬೆಳೆಯುವ ರೈತರಿಗೂ ಗೊತ್ತು. ಕೆರೆಗೂ ಇದಕ್ಕೂ ಸಂಬಂಧವಿರಲಿಲ್ಲ.

ಹಾಗಾದರೆ ನನ್ನ ಮೂವರು ಸಾಕ್ಷಿಗಳು? ಕಂಡಕ್ಟರ್ ಅದನ್ನು ಕೇಳಿದ್ದು ಹೋಟೆಲಿನಲ್ಲಿ. ಸದಸ್ಯರು ಕೇಳಿದ್ದು ಬಸ್ಸಿನಲ್ಲಿ. ಹೋಟೆಲಿನವರು ಕೇಳಿದ್ದು ದಾರಿಹೋಕರೊಬ್ಬರಿಂದ. ಮೂರು ಬಾಯಿಗಳಿದ್ದವು, ಮಾತು ಒಂದೇ ಆಗಿತ್ತು. ನಾನು ಬಾಯಿ ಎಣಿಸಿದ್ದೆ, ಕಣ್ಣು ಎಣಿಸಿರಲಿಲ್ಲ. ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಚುಚ್ಚುತ್ತದೆ. ಆ ಮೂವರೂ ನನಗೆ 'ಸತ್ತವಂತೆ' ಎಂದೇ ಹೇಳಿದ್ದರು. ಅವರು ಕನ್ನಡವನ್ನು ಸರಿಯಾಗಿಯೇ ಆಡಿದ್ದರು. ಆ 'ಅಂತೆ'ಯನ್ನು ಅಳಿಸಿದವನು ನಾನು.

ಆ ಊರಿನಲ್ಲಿ ಎರಡು ಎಮ್ಮೆ ಸಾಕಿದ್ದ ಒಬ್ಬ ಅಜ್ಜಿ ಮೂರು ಹೊತ್ತಿನ ಹಾಲನ್ನು ಚೆಲ್ಲಿದ್ದರು. ಅವರು ಸಿಟ್ಟು ಮಾಡಲಿಲ್ಲ. 'ಎರಡು ಸತ್ತಿದ್ದು ಖರೆ ಐತಿ. ಎಂಟು ಅಂತ ಎಣಿಸಿದೋರು ಯಾರಪ್ಪ?' ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ತಿದ್ದುಪಡಿಯನ್ನು ಒಳಪುಟದಲ್ಲಿ ಸಣ್ಣ ಚೌಕಟ್ಟಿನಲ್ಲಿ ಹಾಕಿದೆವು. ಸುದ್ದಿ ಓದಿದವರೆಲ್ಲ ಅದನ್ನು ಓದಿರಲಾರರು. ಆ ಮೂರು ಹೊತ್ತಿನ ಹಾಲಂತೂ ತಿರುಗಿ ಬರಲಿಲ್ಲ.

ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ 'ಆಪ್ತ' ಅಂದರೆ ನಂಬಲರ್ಹನಾದ ಹೇಳಿಕೆದಾರ ಯಾರು ಎಂಬುದನ್ನು ವಿವರಿಸಿದ್ದಾನೆ. ಸಂಗತಿಯನ್ನು ಸ್ವತಃ ಅರಿತಿರಬೇಕು, ಅರಿತಂತೆಯೇ ಹೇಳುವ ಇಚ್ಛೆ ಇರಬೇಕು. ಈ ಲಕ್ಷಣ ಋಷಿಗೂ, ಆರ್ಯನಿಗೂ, ಮ್ಲೇಚ್ಛನಿಗೂ ಸಮಾನ ಎಂದೂ ಆತ ಸೇರಿಸುತ್ತಾನೆ. ಅಂದರೆ ಹುಟ್ಟು, ಪದವಿ, ವೇಷ ನೋಡಿ ಯಾರೂ ಆಪ್ತರಾಗುವುದಿಲ್ಲ. ನನ್ನ ಮೂವರೂ ಪ್ರಾಮಾಣಿಕರೇ. ಎರಡನೆಯ ಲಕ್ಷಣ ಅವರಲ್ಲಿತ್ತು, ಮೊದಲನೆಯದು ಇರಲಿಲ್ಲ. ಆ ಊರಿನ ವಿಷಯದಲ್ಲಿ ಆಪ್ತರು ಆ ಅಜ್ಜಿ. ನಾನು ಅವರನ್ನು ಕೇಳಿರಲಿಲ್ಲ.

ಕಣ್ಣಿಗೆ ಕಂಡದ್ದೆಲ್ಲ ಕಂಡಂತಲ್ಲ

ಹಾಗಾದರೆ ಸ್ಥಳಕ್ಕೆ ಹೋಗಿ ಕಣ್ಣಾರೆ ಕಂಡರೆ ಸಾಕೇ? 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಮಾಡಿದ್ದಲ್ಲ. ಮತ್ತೆ ಅಶೋಕನ ಕಡೆಗೇ ಹೋಗೋಣ.

ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ದೇವಸ್ಥಾನವಿದೆ. ಅದರ ಆವರಣದ ಕಾಳಿ ಗುಡಿಯ ಛಾವಣಿ 1986ರಲ್ಲಿ ಕುಸಿದು ವಿಗ್ರಹ ಭಗ್ನವಾಯಿತು. ವಿಗ್ರಹದ ಪೀಠವಾಗಿದ್ದ ಕಲ್ಲಿನ ಚಪ್ಪಡಿಯನ್ನು ನೋಡಿದರೆ ಅದರ ಮೇಲೆ ಅಶೋಕನ ಶಾಸನ! ವಿಗ್ರಹ ಕೂರಿಸಲು ನಡುವೆ ತೂತು ಕೊರೆದು, ಅಕ್ಷರಗಳ ಒಂದಷ್ಟು ಭಾಗ ಹೋಗಿತ್ತು. ಎಷ್ಟೋ ತಲೆಮಾರುಗಳ ಜನ ಆ ಪೀಠದ ಮುಂದೆ ಕೈಮುಗಿದು ಹೋಗಿದ್ದರು. ಕಲ್ಲು ಕಣ್ಣೆದುರೇ ಇತ್ತು. ಏನನ್ನು ನೋಡಬೇಕೆಂದು ತಿಳಿಯದೆ ನೋಡಿದರೆ ಕಣ್ಣಿಗೆ ಕಾಣುವುದು ಕಲ್ಲು ಮಾತ್ರ.

ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಉತ್ಖನನ ಆರಂಭಿಸಿದಾಗ ದೊಡ್ಡ ಸ್ತೂಪದ ಅವಶೇಷಗಳು ಹೊರಬಂದವು. ಅಲ್ಲಿನ ಒಂದು ಶಿಲಾಫಲಕದಲ್ಲಿ ರಾಜ, ರಾಣಿ ಮತ್ತು ಪರಿಚಾರಕಿಯರಿದ್ದಾರೆ. ಮೇಲೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಎಂದಿದೆ. ಅಶೋಕನ ಮುಖ ಸಿಕ್ಕಿತು ಎಂದು ನಾವು ಪತ್ರಿಕೆಯವರು ಸಂಭ್ರಮಿಸುತ್ತೇವೆ. ಆದರೆ ಆ ಶಿಲ್ಪವನ್ನು ಕಡೆದದ್ದು ಅಶೋಕ ತೀರಿಕೊಂಡು ಹಲವು ತಲೆಮಾರುಗಳಾದ ಮೇಲೆ. ಶಿಲ್ಪಿ ಅಶೋಕನನ್ನು ಕಂಡವನಲ್ಲ. ಹಾಗಾದರೆ ಆ ಫಲಕದಿಂದ ನಮಗೆ ಏನು ಗೊತ್ತಾಯಿತು? ಅಶೋಕ ಹೇಗಿದ್ದ ಎಂಬುದಲ್ಲ. ಭೀಮಾ ತೀರದ ಜನ ತಲೆಮಾರುಗಳ ನಂತರವೂ ಅಶೋಕನನ್ನು ಹೆಸರಿನಿಂದ ನೆನೆಯುತ್ತಿದ್ದರು ಎಂಬುದು. ಇದು ಸಣ್ಣ ಜ್ಞಾನವೇನಲ್ಲ. ಆದರೆ ನಾವು ಬಯಸಿದ ಜ್ಞಾನವೇ ಬೇರೆ, ಕಲ್ಲು ಕೊಟ್ಟ ಜ್ಞಾನವೇ ಬೇರೆ. ಸಾಕ್ಷಿ ಹೇಳಿದ್ದಕ್ಕಿಂತ ಒಂದು ಅಂಗುಲ ಮುಂದೆ ಹೋಗದಿರುವುದು ಬಹಳ ಕಷ್ಟದ ಕೆಲಸ.

ಒಂದು ವಿಷಯದಲ್ಲಿ ನಿಜ ಹೇಳಿದವರು ಎಲ್ಲ ವಿಷಯದಲ್ಲಿಯೂ ನಿಜವನ್ನೇ ಹೇಳುತ್ತಾರೆಂದೂ ಇಲ್ಲ. ಸಿಂಹಳದ ಇನ್ನೊಂದು ಗ್ರಂಥ 'ಮಹಾವಂಸ' ಅಶೋಕ ತನ್ನ 99 ಸೋದರರನ್ನು ಕೊಲ್ಲಿಸಿದ ಎನ್ನುತ್ತದೆ. ಆದರೆ ಪಟ್ಟಕ್ಕೆ ಬಂದು ಎಷ್ಟೋ ವರ್ಷಗಳ ಮೇಲೆ ಹೊರಡಿಸಿದ ಐದನೆಯ ಬಂಡೆ ಶಾಸನದಲ್ಲಿ ಅಶೋಕ ತನ್ನ ಸೋದರರ ಮನೆವಾರ್ತೆಗಳ ಪ್ರಸ್ತಾಪ ಮಾಡುತ್ತಾನೆ. ಇನ್ನು ಕಳಿಂಗ ಯುದ್ಧದ ವಿಷಯ ಸಿಂಹಳದ ಗ್ರಂಥಗಳಲ್ಲಿ ಇಲ್ಲ, ಅದು ತಿಳಿದದ್ದು ಹದಿಮೂರನೆಯ ಬಂಡೆ ಶಾಸನದಿಂದ. ಯುದ್ಧ ನಡೆದ ಕಳಿಂಗದಲ್ಲೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಮಾತ್ರ ಆ ಹದಿಮೂರನೆಯ ಶಾಸನ ಇಲ್ಲ. ತನ್ನ ಪಶ್ಚಾತ್ತಾಪವನ್ನು ದೂರದ ಜನರಿಗೆಲ್ಲ ಸಾರಿದ ದೊರೆ, ನೊಂದವರ ಊರಿನಲ್ಲಿ ಅದನ್ನು ಬರೆಸಲಿಲ್ಲ. ಮೀಮಾಂಸಕರು ಆರನೆಯ ಪ್ರಮಾಣವೆಂದು ಒಪ್ಪಿದ್ದು 'ಅನುಪಲಬ್ಧಿ'ಯನ್ನು, ಅಂದರೆ ಇಲ್ಲದಿರುವುದನ್ನು ಅರಿಯುವ ಬಗೆಯನ್ನು. ಇರಬೇಕಾದಲ್ಲಿ ಇಲ್ಲದಿರುವುದೂ ಒಂದು ಸಾಕ್ಷಿಯೇ.

ಎಷ್ಟು ನಂಬಬೇಕು?

ಇಷ್ಟು ಕೇಳಿದ ಮೇಲೆ ಯಾರನ್ನೂ ನಂಬುವುದೇ ಬೇಡ ಎಂದು ತಮಗೆ ಅನ್ನಿಸಬಹುದು. ಅದೂ ಸಾಧ್ಯವಿಲ್ಲದ ಮಾತು. ನಾನು ಹುಟ್ಟಿದ ದಿನ ನನಗೆ ಗೊತ್ತು. ಆದರೆ ಅದಕ್ಕೆ ಸಾಕ್ಷಿ ನಾನಲ್ಲ, ಅವ್ವ ಹೇಳಿದ್ದು. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಜನ್ಮದಿನ ದಾಖಲೆಯಲ್ಲಿ ಜೂನ್ 1 ಎಂದಿರುತ್ತದೆ. ಶಾಲೆಗೆ ಸೇರಿಸುವಾಗ ದಿನ ತಿಳಿಯದೆ ಹೆಡ್‌ಮಾಸ್ತರರು ಬರೆದುಕೊಂಡದ್ದು ಅದು. ಸರ್ಕಾರಿ ಮೊಹರು ಬಿದ್ದ ದಾಖಲೆಗಿಂತ 'ದೊಡ್ಡ ಮಳೆ ಬಂದ ವರ್ಷ, ಸುಗ್ಗಿಯ ಹೊತ್ತಿಗೆ ಹುಟ್ಟಿದೆ' ಎಂಬ ಅಜ್ಜಿಯ ಮಾತೇ ಅಲ್ಲಿ ಸತ್ಯಕ್ಕೆ ಹತ್ತಿರ. ಪ್ರತ್ಯಕ್ಷವೊಂದನ್ನೇ ನಂಬುತ್ತೇನೆ ಎಂದು ಹಟ ಹಿಡಿದವನು ತನ್ನ ಹೆತ್ತವರು ಯಾರೆಂಬುದನ್ನೂ ಹೇಳಲಾರ.

ಈ ಬಗ್ಗೆ ನಮ್ಮಲ್ಲಿ ಒಂದು ಹಳೆಯ ಜಗಳವಿದೆ. ಜ್ಞಾನ ಹುಟ್ಟಿದಾಗ ಅದು ಸರಿ ಎಂಬುದಕ್ಕೆ ಹೊರಗಿನ ಆಧಾರ ಬೇಕು ಎಂದು ನೈಯಾಯಿಕರು ವಾದಿಸಿದರು. ಇದು ಪರತಃ ಪ್ರಾಮಾಣ್ಯ. ಜ್ಞಾನ ತನ್ನಷ್ಟಕ್ಕೆ ತಾನೇ ಪ್ರಮಾಣ, ದೋಷ ಕಂಡಾಗ ಮಾತ್ರ ಅದನ್ನು ಬಿಡಬೇಕು ಎಂದು ಮೀಮಾಂಸಕರೂ ಮಧ್ವರೂ ಹೇಳಿದರು. ಇದು ಸ್ವತಃ ಪ್ರಾಮಾಣ್ಯ. ಪ್ರತಿಯೊಂದಕ್ಕೂ ಇನ್ನೊಂದು ಪುರಾವೆ ಕೇಳುತ್ತಾ ಹೋದರೆ ಆ ಪುರಾವೆಗೆ ಮತ್ತೊಂದು ಪುರಾವೆ ಬೇಕಾಗಿ ಕೊನೆಯೇ ಇರುವುದಿಲ್ಲ ಎಂಬುದು ಇವರ ಆಕ್ಷೇಪ.

ಪಂಡಿತರ ಈ ಜಗಳವನ್ನು ಬಗೆಹರಿಸುವ ಯೋಗ್ಯತೆ ನನಗಿಲ್ಲ. ವೃತ್ತಿಯಿಂದ ಕಲಿತದ್ದನ್ನಷ್ಟೇ ಹೇಳುತ್ತೇನೆ. ದಿನದ ಬದುಕಿನಲ್ಲಿ ನಂಬಿಕೆಯಿಂದಲೇ ಹೊರಡಬೇಕು. ದಾರಿ ಹೇಳಿದವರನ್ನೆಲ್ಲ ಶಂಕಿಸುತ್ತಾ ಹೋದರೆ ಊರು ಸೇರುವುದಿಲ್ಲ. ಆದರೆ ನಾವು ಹೇಳುವ ಮಾತಿನಿಂದ ಇನ್ನೊಬ್ಬರ ಹಾಲು ಚೆಲ್ಲುವಂತಿದ್ದರೆ, ಇನ್ನೊಬ್ಬರ ಮಾನ ಹೋಗುವಂತಿದ್ದರೆ, ಒಂದು ಜಾತಿಯ ಅಥವಾ ಒಂದು ಊರಿನ ಮೇಲೆ ದ್ವೇಷ ಹುಟ್ಟುವಂತಿದ್ದರೆ ಆಗ ನೈಯಾಯಿಕರ ಹಾಗೆ ಹೊರಗಿನ ಆಧಾರ ಕೇಳಲೇಬೇಕು. ಮಾತಿನ ಭಾರ ಹೆಚ್ಚಿದಷ್ಟೂ ಆಧಾರದ ಭಾರವೂ ಹೆಚ್ಚಬೇಕು.

ಈ ಎಚ್ಚರ ವರದಿಗಾರರಿಗೆ ಮಾತ್ರ ಬೇಕಾಗಿದ್ದ ಕಾಲ ಮುಗಿಯಿತು. ಈಗ ಪ್ರತಿಯೊಬ್ಬರ ಕೈಯಲ್ಲಿಯೂ ಒಂದು ಮೊಬೈಲ್ ಇದೆ, ಅಂದರೆ ಒಂದು ಮುದ್ರಣಾಲಯವೇ ಇದೆ. ಒಂದೇ ಸಂದೇಶ ಹತ್ತು ಗುಂಪುಗಳಿಂದ ಬಂದಾಗ 'ಹತ್ತು ಕಡೆಯಿಂದ ಬಂದಿದೆ, ಸುಳ್ಳಿರಲಾರದು' ಎಂದು ನಂಬುತ್ತೇವೆ. ನನ್ನ ಕಂಡಕ್ಟರ್, ಹೋಟೆಲಿನವರು, ಸದಸ್ಯರು ಅಲ್ಲಿ ಸಾವಿರಪಟ್ಟಾಗಿದ್ದಾರೆ. ಅವರಾದರೂ 'ಅಂತೆ' ಎನ್ನುತ್ತಿದ್ದರು. ಮುಂದೂಡಿದ ಸಂದೇಶದಲ್ಲಿ 'ಅಂತೆ' ಇರುವುದಿಲ್ಲ.

ಇತಿಹಾಸ ಸಂಘದ ಮಿತ್ರರಲ್ಲಿ ನನ್ನ ಕೋರಿಕೆ ಚಿಕ್ಕದು. ಮುಂದೆ ತಾವು ನಿಮ್ಮ ಊರಿನ ವೀರಗಲ್ಲಿನ ಬಗ್ಗೆ, ಕೆರೆಯ ಬಗ್ಗೆ, ಗುಡಿಯ ಬಗ್ಗೆ ಬರೆಯುತ್ತೀರಿ. ಪ್ರತಿ ಸಂಗತಿಯ ಪಕ್ಕದಲ್ಲಿ ಮೂರರಲ್ಲಿ ಒಂದು ಗುರುತು ಹಾಕಿಕೊಳ್ಳಿ: ಕಂಡದ್ದು, ಊಹಿಸಿದ್ದು, ಕೇಳಿದ್ದು. ಕೇಳಿದ್ದಾದರೆ ಯಾರಿಂದ, ಅವರು ಯಾರಿಂದ ಎಂಬುದನ್ನೂ ಬರೆದಿಟ್ಟುಕೊಳ್ಳಿ. ನಾಳೆ ತಪ್ಪು ಎಂದು ತಿಳಿದರೆ ಪ್ರಿನ್ಸೆಪ್‌ನಂತೆ ತಿದ್ದಿಕೊಳ್ಳಲು ದಾರಿ ಇರುತ್ತದೆ. ಆತನ ಊಹೆ ತಪ್ಪಾಯಿತು ಎಂಬುದಕ್ಕಾಗಿ ಇಂದು ಯಾರೂ ಆತನನ್ನು ಹೀಗಳೆಯುವುದಿಲ್ಲ. ಹೊಸ ಸಾಕ್ಷಿ ಬಂದ ವರ್ಷವೇ ಅದನ್ನು ಬಿಟ್ಟುಕೊಟ್ಟ ಎಂಬುದಕ್ಕಾಗಿ ಗೌರವಿಸುತ್ತೇವೆ.

ನಾನು ಕೂಡ ಈಗ ಸುದ್ದಿ ಬರೆಯುವಾಗ ಪ್ರತಿ ವಾಕ್ಯವನ್ನು ಒಮ್ಮೆ ಆಡುಮಾತಿನಲ್ಲಿ ಹೇಳಿ ನೋಡಿಕೊಳ್ಳುತ್ತೇನೆ. 'ಬಂತು' ಎಂದು ಬರೆದಿದ್ದರೆ ನಾನು ನೋಡಿದ್ದೇನೆಯೇ ಎಂದು ಕೇಳಿಕೊಳ್ಳುತ್ತೇನೆ. ನೋಡಿಲ್ಲದಿದ್ದರೆ ನೋಡಿದವರ ಬಳಿಗೆ ಹೋಗುತ್ತೇನೆ. ಹೋಗಲು ಆಗದಿದ್ದರೆ 'ಬಂತಂತೆ' ಎಂಬ ಅರ್ಥ ಬರುವಂತೆ ಬರೆಯುತ್ತೇನೆ. ಸುದ್ದಿಯ ತೂಕ ಸ್ವಲ್ಪ ಕಡಿಮೆಯಾಗುತ್ತದೆ, ಶೀರ್ಷಿಕೆಯ ಅಬ್ಬರ ಇಳಿಯುತ್ತದೆ. ಆದರೆ 'ಎಣಿಸಿದೋರು ಯಾರಪ್ಪ?' ಎಂದು ಆ ಅಜ್ಜಿ ಮತ್ತೊಮ್ಮೆ ಕೇಳಿದರೆ ಹೇಳಲು ನನ್ನ ಬಳಿ ಒಂದು ಹೆಸರು ಇರುತ್ತದೆ.